ಲೈಬ್ರೇರಿಯನ್‌ಗಳ ಕಮಿಟಿಯಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್



ನಾನು ತಿಪಟೂರಿನವನು. ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷದ ಮೇಲಾಯ್ತು. ಕೆಲಸ ಹಿಂಜವಡಿಯಲ್ಲಿ, ಬ್ಯಾಕೆಂಡ್ ಮತ್ತು ಡೇಟಾ. ಎರಡು ವರ್ಷದಿಂದ ಇಲ್ಲಿನ ಲೈಬ್ರೇರಿಯನ್‌ಗಳ ಒಂದು ವೃತ್ತಿ ಸಂಘದ ಸಂಶೋಧನಾ ಕಮಿಟಿಯಲ್ಲಿ ವಾಲಂಟಿಯರ್ ಆಗಿದೀನಿ. ಇದನ್ನ ಹೇಳಿದ ಕೂಡ್ಲೇ ಎಲ್ರೂ ಕೇಳೋದು ಎರಡೇ ಪ್ರಶ್ನೆ. ಒಂದು, "ಲೈಬ್ರೇರಿಯನ್‌ಗಳು ಸಂಶೋಧನೆ ಮಾಡ್ತಾರಾ?" ಎರಡು, "ಅಲ್ಲಿ ನಿಂಗೇನ್ ಕೆಲಸ?" ಎರಡಕ್ಕೂ ಉತ್ತರ ಹೇಳ್ತೀನಿ. ಜೊತೆಗೆ ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ. ನಿಜ ಹೇಳ್ಬೇಕಂದ್ರೆ ಇವತ್ತು ಮಾತಾಡೋಕೆ ಒಪ್ಪಿದ್ದೇ ಅದಕ್ಕೋಸ್ಕರ.

ಮೊದಲು ಅಲ್ಲಿಗೆ ಹೋಗಿದ್ದು ಹೇಗೆ ಅಂತ. ನಮ್ಮೂರಲ್ಲಿ ಲೈಬ್ರರಿ ಅಂದ್ರೆ ಸರ್ಕಾರದ್ದು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಒಂದು ಇಲಾಖೆ ಇದೆ, ನಮ್ಮಪ್ಪ ಮನೆ ಕಂದಾಯ ಕಟ್ಟುವಾಗ ಅದರಲ್ಲೇ ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತಿತ್ತು. ಮಹಾರಾಷ್ಟ್ರಕ್ಕೆ ಬಂದರೆ ಕಥೆ ಬೇರೆ. ಇಲ್ಲಿ 1967ರ ಕಾಯ್ದೆ ಇದೆ, ಆದರೆ ಆ ಕರ ಇಲ್ಲ. ಹೆಚ್ಚಿನ ಸಾರ್ವಜನಿಕ ವಾಚನಾಲಯಗಳನ್ನ ನಡೆಸೋದು ಊರಿನ ಜನರೇ ಕಟ್ಟಿಕೊಂಡ ಸಂಸ್ಥೆಗಳು. ಸರ್ಕಾರ ಅವುಗಳನ್ನ ಅ, ಬ, ಕ, ಡ ಅಂತ ವರ್ಗ ಮಾಡಿ ಅನುದಾನ ಕೊಡುತ್ತೆ. ಹಾಗಾಗಿ ಇಲ್ಲಿ ಲೈಬ್ರರಿಗೆ ಒಂದು ಆಡಳಿತ ಮಂಡಳಿ ಇರುತ್ತೆ, ವಾರ್ಷಿಕ ಸಭೆ ಇರುತ್ತೆ, ಸಭೆಯಲ್ಲಿ ಜಗಳವೂ ಇರುತ್ತೆ. ಒಟ್ಟಿನಲ್ಲಿ ಜನ "ನಮ್ಮ ವಾಚನಾಲಯ" ಅಂತಾರೆ.

ಅಂಥ ಒಂದು ವಾಚನಾಲಯ ನಮ್ಮ ಮನೆ ಹತ್ರ ಇದೆ. ಮರಾಠಿ, ಇಂಗ್ಲಿಷ್, ಹಿಂದಿ ಪುಸ್ತಕಗಳ ಮಧ್ಯೆ ಕನ್ನಡದ್ದು ಒಂದು ಕಪಾಟು. ಯಾವ ಕಾಲದಲ್ಲೋ ಯಾರೋ ಕನ್ನಡದವರು ಊರು ಬಿಡುವಾಗ ಕೊಟ್ಟು ಹೋಗಿದ್ದು. 2023ರ ಜನವರಿಯಿಂದ ನಾನು ಅಲ್ಲಿಗೆ ದಿನಾ ಹೋಗೋಕೆ ಶುರು ಮಾಡಿದೆ. ಯಾಕೆ ದಿನಾ, ಅದನ್ನ ಆಮೇಲೆ ಹೇಳ್ತೀನಿ.

ಅಲ್ಲಿ ಒಂದಿನ ಕಂಪ್ಯೂಟರಿನಲ್ಲಿ 'ಚೋಮನ ದುಡಿ' ಅಂತ ಹುಡುಕಿದೆ. ಸಿಗಲಿಲ್ಲ. ಪುಸ್ತಕ ಕಪಾಟಿನಲ್ಲಿ ನನ್ನ ಕಣ್ಣೆದುರೇ ಇದೆ, ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತೆ. ಲೈಬ್ರೇರಿಯನ್ ಮ್ಯಾಡಮ್ ನಕ್ಕು, "ಕನ್ನಡದ್ದು ಹಾಗೇ ಸರ್, ಬಂದೋರು ಕಪಾಟು ನೋಡ್ತಾರೆ, ನಮಗೆ ಓದೋಕೆ ಬರಲ್ಲ" ಅಂದರು. ನಂಗೆ ಕೈ ತುರಿಸಿತು. ನೋಡ್ಬಹುದಾ ಅಂತ ಕೇಳಿದೆ.

ಅವರು ಬಳಸ್ತಾ ಇದ್ದದ್ದು ಕೋಹಾ. ನಿಮ್ಮಲ್ಲಿ ಎಷ್ಟೋ ಜನ ಓಪನ್ ಸೋರ್ಸ್ ಅಂದ್ರೆ ಲಿನಕ್ಸ್ ಹೇಳ್ತೀರ, ಕೋಹಾ ಹೆಸರು ಕೇಳಿರಲ್ಲ. ನ್ಯೂಜಿಲೆಂಡಿನ ಒಂದು ಸಣ್ಣ ಲೈಬ್ರರಿಗೋಸ್ಕರ ಹುಟ್ಟಿದ್ದು. ಹಳೇ ಸಾಫ್ಟ್‌ವೇರಿಗೆ 2000ದ ಸಮಸ್ಯೆ ಬರುತ್ತೆ ಅಂತ ಅವರು ಹೊಸದನ್ನೇ ಬರೆಸಿದರು, 2000ದ ಜನವರಿಯಲ್ಲಿ ಶುರುವಾಯ್ತು. ಕೋಹಾ ಅಂದ್ರೆ ಮಾವೋರಿ ಭಾಷೇಲಿ ಕಾಣಿಕೆ. ಇವತ್ತು ನಮ್ಮ ದೇಶದ ಸಾವಿರಾರು ರೂಪಾಯಿನೂ ಬಜೆಟ್ ಇಲ್ಲದ ಲೈಬ್ರರಿಗಳು ಅದರ ಮೇಲೇ ನಡೀತಿವೆ.

ಸಮಸ್ಯೆ ಏನಾಗಿತ್ತು ಅಂದ್ರೆ, ಆ ಕಪಾಟಿನ ಪುಸ್ತಕಗಳನ್ನ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಟೈಪ್ ಮಾಡಿದ್ರು. ಕೆಲವು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗು. ಕೆಲವು ಯೂನಿಕೋಡ್ ಬರೋ ಮುಂಚಿನ ಹಳೇ ಫಾಂಟಿನಿಂದ ಕಾಪಿ ಮಾಡಿದ್ದು, ಈಗ ನೋಡಿದರೆ ಬರೀ ಚಿತ್ರವಿಚಿತ್ರ ಚಿಹ್ನೆ. ಯೂನಿಕೋಡಲ್ಲಿ ಇದ್ದ 'ಚೋಮನ ದುಡಿ' ಯಾಕೆ ಸಿಗಲಿಲ್ಲ? 'ಚೋ' ಅನ್ನೋದನ್ನ ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ರೀತಿ ಇಡಬಹುದು. 'ಚ'ಕ್ಕೆ ಓಕಾರದ ಒಂದೇ ಚಿಹ್ನೆ ಹಾಕಬಹುದು. ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಮೂರು ತುಂಡಾಗಿ ಹಾಕಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕೋ ಪ್ರೋಗ್ರಾಮಿಗೆ ಬೇರೆ ಬೇರೆ. ನಮ್ಮ ಭಾಷೇಲಿ ಇದನ್ನ ನಾರ್ಮಲೈಸೇಷನ್ ಅಂತೀವಿ, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಉಳಿದಿದ್ದನ್ನ ಕೂತು ಕೈಯಲ್ಲೇ ಸರಿ ಮಾಡಿದೆ. ಎರಡು ವಾರದಲ್ಲಿ ಕಪಾಟು ಪೂರ್ತಿ ಹುಡುಕಿದರೆ ಸಿಗೋ ಹಾಗಾಯ್ತು.

ಆ ಮ್ಯಾಡಮ್ ಸಂಶೋಧನಾ ಕಮಿಟಿಯಲ್ಲಿ ಇದ್ರು. "ನಮ್ಮ ಮೀಟಿಂಗಿಗೆ ಬನ್ನಿ ಸರ್, ಚಹಾ ಕೊಡ್ತೀವಿ" ಅಂದರು. ಹೋದೆ. ಅಷ್ಟೇ ಕಥೆ.

ಈಗ ಮೊದಲನೇ ಪ್ರಶ್ನೆ. ಲೈಬ್ರೇರಿಯನ್‌ಗಳು ಏನು ಸಂಶೋಧನೆ ಮಾಡ್ತಾರೆ?

ನಮ್ಮ ದೇಶದಲ್ಲಿ ಇದನ್ನ ಹೇಳ್ಬೇಕಾದ್ರೆ ಎಸ್. ಆರ್. ರಂಗನಾಥನ್ ಅವರಿಂದಲೇ ಶುರು ಮಾಡ್ಬೇಕು. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಲಂಡನ್ನಿಗೆ ಹೋಗಿ ಓದಿ, ಅಲ್ಲಿನ ಲೈಬ್ರರಿಗಳನ್ನ ಸುತ್ತಿ ನೋಡಿ ಬಂದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನ ಪುಸ್ತಕ ಮಾಡಿದರು. ಪುಸ್ತಕ ಇರೋದು ಬಳಸೋಕೆ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಗ್ರಂಥಾಲಯ ಬೆಳೆಯುವ ಜೀವಿ. ಕೇಳಿದರೆ ಗೋಡೆ ಮೇಲೆ ಬರೆಯೋ ಸುಭಾಷಿತದ ಹಾಗಿದೆ. ಆದರೆ ಗಣಿತದವರು ನೋಡಿ, ಒಂದೊಂದನ್ನೂ ಅಳೆಯಬಹುದು. ಸಮಯ ಉಳೀತಾ ಇಲ್ವಾ ಅಂತ ಗಡಿಯಾರ ಹಿಡಿದು ನೋಡಬಹುದು.

1933ರಲ್ಲಿ ಅವರ ಕೋಲನ್ ವರ್ಗೀಕರಣ ಬಂತು. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿ ಅವರಿಗೆ ಅದು ಹೊಳೆಯಿತಂತೆ. ಒಂದು ವಿಷಯವನ್ನ ಒಂದೇ ಡಬ್ಬಕ್ಕೆ ತುಂಬೋ ಬದಲು, ಅದನ್ನ ಬಿಡಿಭಾಗ ಮಾಡಿ ಬೇಕಾದ ಹಾಗೆ ಜೋಡಿಸೋದು. ನೀವು ಶಾಪಿಂಗ್ ಆ್ಯಪಿನಲ್ಲಿ ಬೆಲೆ, ಬಣ್ಣ, ಸೈಜು ಅಂತ ಫಿಲ್ಟರ್ ಹಾಕ್ತೀರಲ್ಲ, ಅದರ ಹಿಂದಿನ ಯೋಚನೆ ಇದೇ ಜಾತಿಯದು. ಕಡೆಗಾಲದಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಅವರು ಅಲ್ಲಿ ಶುರು ಮಾಡಿದ ಡಿಆರ್‌ಟಿಸಿ ಈಗಲೂ ಮೈಸೂರು ರಸ್ತೆಯ ಐಎಸ್‌ಐ ಕ್ಯಾಂಪಸ್ಸಿನಲ್ಲಿದೆ. ಎಂಟೆಕ್ ಮಾಡುವಾಗ ಆ ರಸ್ತೇಲಿ ಎಷ್ಟೋ ಸಲ ಬಸ್ಸಲ್ಲಿ ಹೋಗಿದೀನಿ. ಒಳಗೆ ಏನಿದೆ ಅಂತ ಗೊತ್ತಾಗಿದ್ದು ಪುಣೆಗೆ ಬಂದ ಮೇಲೆ.

ನಮ್ಮ ಕಮಿಟಿ ಮಾಡೋದು ಅಷ್ಟು ದೊಡ್ಡದಲ್ಲ. ಕೆಲಸದಲ್ಲಿರೋ ಲೈಬ್ರೇರಿಯನ್‌ಗಳು ತಮ್ಮ ಲೈಬ್ರರಿಯದೇ ಒಂದು ಪ್ರಶ್ನೆ ಹಿಡ್ಕೊಂಡು ಬರ್ತಾರೆ. ಪರೀಕ್ಷೆ ಹತ್ರ ಬಂದಾಗ ರೀಡಿಂಗ್ ಹಾಲಿನಲ್ಲಿ ಹುಡುಗೀರು ಯಾಕೆ ಸಂಜೆ ಆರಕ್ಕೇ ಎದ್ದು ಹೋಗ್ತಾರೆ? ದುಡ್ಡು ಕೊಟ್ಟು ತರಿಸೋ ಇ-ಜರ್ನಲ್‌ಗಳನ್ನ ಯಾರೂ ತೆಗೀತಿಲ್ಲ, ಪಾಸ್‌ವರ್ಡ್ ಮರೆತಿದ್ದಾರೋ, ಬೇಡವೋ? ಆ ಪ್ರಶ್ನೆಯನ್ನ ಹೇಗೆ ಕೇಳ್ಬೇಕು, ಎಷ್ಟು ಜನರನ್ನ ಕೇಳ್ಬೇಕು, ಬಂದ ಉತ್ತರವನ್ನ ಹೇಗೆ ಬರೀಬೇಕು ಅಂತ ಜೊತೆಗೆ ಕೂತು ಹೇಳಿಕೊಡೋದು. ಯಾಕೆ ಬೇಕು ಅಂದ್ರೆ, ಹೇಳಿಕೊಡೋರು ಇಲ್ಲದಿದ್ರೆ ಬಡ್ತಿಗೋಸ್ಕರ ಪೇಪರ್ ಬೇಕಾದವರು ದುಡ್ಡು ತಗೊಂಡು ಏನನ್ನಾದ್ರೂ ಛಾಪಿಸೋ ಜರ್ನಲ್‌ಗಳ ಕೈಗೆ ಸಿಗ್ತಾರೆ.

ಎರಡನೇ ಪ್ರಶ್ನೆ, ನಂಗೇನ್ ಕೆಲಸ? ನಾನು ಮೊದಲ ಮೀಟಿಂಗಿಗೆ ಹೋಗುವಾಗ ತಲೆಯಲ್ಲಿ ಡ್ಯಾಶ್‌ಬೋರ್ಡ್ ಇಟ್ಕೊಂಡು ಹೋಗಿದ್ದೆ. ಇವರಿಗೆಲ್ಲ ಮಷಿನ್ ಲರ್ನಿಂಗ್ ತೋರಿಸಿದರೆ ಬೆರಗಾಗ್ತಾರೆ ಅಂದುಕೊಂಡಿದ್ದೆ. ಮೊದಲ ಮೂರು ತಿಂಗಳು ನಂಗೆ ಕೊಟ್ಟ ಕೆಲಸ ಮೀಟಿಂಗಿನ ನಡಾವಳಿ ಬರೆಯೋದು. ಆಮೇಲೆ ಎಕ್ಸೆಲ್ ಶೀಟು ತೊಳೆಯೋದು. ಒಂದೇ ಕಾಲೇಜಿನ ಹೆಸರು ಹದಿನಾಲ್ಕು ಥರ ಬರೆದಿರ್ತಾರೆ, ಅದನ್ನ ಒಂದು ಮಾಡೋದು. ಬೇಜಾರಾಗ್ತಿತ್ತಾ? ಆಗ್ತಿತ್ತು. ಆದರೆ ನಡಾವಳಿ ಬರೀತಾ ಬರೀತಾನೇ ಅವರ ಮಾತು ನಂಗೆ ಅರ್ಥ ಆಗೋಕೆ ಶುರುವಾಗಿದ್ದು.

ಈಗ ತಪ್ಪಿನ ಕಥೆ.

ಪುಣೆ ಬಗ್ಗೆ ಒಂದು ಜೋಕ್ ಇದೆಯಲ್ಲ, ಮಧ್ಯಾಹ್ನ ಒಂದರಿಂದ ನಾಲ್ಕು ದೇವರು ಬಂದರೂ ಅಂಗಡಿ ಬಾಗಿಲು ತೆಗೆಯಲ್ಲ ಅಂತ. ನಮ್ಮ ವಾಚನಾಲಯವೂ ಹಾಗೇ. ಮ್ಯಾಡಮ್‌ಗೆ ಒಂದು ಪ್ರಶ್ನೆ ಇತ್ತು. ಬೆಳಗಿನ ಹೊತ್ತು ಪುಸ್ತಕ ತಗೊಳ್ಳೋರು ಯಾರು, ಸಂಜೆ ಯಾರು, ಮಧ್ಯಾಹ್ನ ತೆಗೆದರೆ ಯಾರಿಗೆ ಅನುಕೂಲ? ಆಡಳಿತ ಮಂಡಳಿ ಮುಂದೆ ಇಡೋಕೆ ಅಂಕಿಅಂಶ ಬೇಕು. ಒಳ್ಳೆ ಪ್ರಶ್ನೆ. ನಂಗೆ ಒಪ್ಪಿಸಿದರು.

ಕೋಹಾದಲ್ಲಿ ಓಲ್ಡ್ ಇಶ್ಯೂಸ್ ಅಂತ ಒಂದು ಟೇಬಲ್ ಇದೆ. ವಾಪಸ್ ಬಂದ ಪುಸ್ತಕಗಳ ಲೆಕ್ಕ ಅದರಲ್ಲಿರುತ್ತೆ. ಯಾವ ಕಾರ್ಡು, ಯಾವ ಪುಸ್ತಕ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ. ಎರಡು ವರ್ಷದ್ದು ತೆಗೆದೆ. ಹೆಸರು, ಫೋನು, ವಿಳಾಸ ಎಲ್ಲ ಅಳಿಸಿದೆ. ಕಾರ್ಡ್ ನಂಬರನ್ನ ಹ್ಯಾಶ್ ಮಾಡಿದೆ. ಉಳಿದಿದ್ದು ವಯಸ್ಸಿನ ಗುಂಪು, ಪುಸ್ತಕದ ಭಾಷೆ, ವಿಷಯ, ತಾರೀಖು, ವೇಳೆ. ಚೆನ್ನಾಗಿ ಬಂತು ಅಂತ ಖುಷಿಯಾಗಿ, ಬೇರೆಯವರಿಗೂ ಉಪಯೋಗವಾಗಲಿ ಅಂತ ಅದೇ ರಾತ್ರಿ ಗಿಟ್‌ಹಬ್ಬಿಗೆ ಹಾಕಿದೆ. ಪಬ್ಲಿಕ್ ರೆಪೊ. ಯಾರನ್ನೂ ಕೇಳಲಿಲ್ಲ. ಕೇಳ್ಬೇಕು ಅಂತ ಹೊಳೆಯಲೂ ಇಲ್ಲ.

ಮರುದಿನ ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಮೇಲೆ ಟೇಬಲ್ ತೋರಿಸಿದೆ. ಎಲ್ರೂ ವಾ ಅಂದರು. ಕಮಿಟಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಯೂನಿವರ್ಸಿಟಿ ಲೈಬ್ರರಿಯಿಂದ ನಿವೃತ್ತರಾದವರು. ಸೋಲಾಪುರದವರು, ಮನೆ ಮಾತು ಕನ್ನಡ. ಅವರು ಏನೂ ಅನ್ನಲಿಲ್ಲ. ಮೀಟಿಂಗ್ ಮುಗಿದು ಎಲ್ರೂ ಚಹಾಕ್ಕೆ ಎದ್ದಾಗ ನನ್ನನ್ನ ಪಕ್ಕಕ್ಕೆ ಕರೆದು ಕನ್ನಡದಲ್ಲಿ ಕೇಳಿದರು.

"ತಮ್ಮಾ, ಈ ಪಟ್ಟಿಯೊಳಗ ಕನ್ನಡ ಪುಸ್ತಕ ಒಯ್ದಾವ್ರು ಎಷ್ಟ್ ಮಂದಿ ಅದಾರ?"

"ಮೂರು ಜನ ಸರ್."

"ಅದ್ರಾಗ ಮೂವತ್ತರಿಂದ ನಲವತ್ತರ ಒಳಗಿನವ್ರು?"

ನಂಗೆ ಅಲ್ಲೇ ಅರ್ಥ ಆಯ್ತು. "ಒಬ್ರು" ಅಂದೆ.

"ಆ ಒಬ್ರು ನಾಕ್ ತಿಂಗಳು, ವಾರದ ದಿನ, ಮುಂಜಾನೆ ಹನ್ನೊಂದಕ್ಕ ಬಂದು ಪುಸ್ತಕ ಒಯ್ದಾರ. ಏನ್ ಓದ್ಯಾರ ಅನ್ನೂದೂ ಬರದದ. ಅವ್ರು ಯಾರಂತ ನಾ ಕೇಳಂಗಿಲ್ಲ. ಆದ್ರ ಕೇಳಾವ್ರು ಇರ್ತಾರಲ್ಲ?"

ಆ ಒಬ್ಬ ನಾನೇ. 2023ರ ಜನವರಿಯಲ್ಲಿ ನನ್ನ ಕೆಲಸ ಹೋಯ್ತು. ಒಂದು ಹದಿನೈದು ನಿಮಿಷದ ಕಾಲು, ಲ್ಯಾಪ್‌ಟಾಪ್ ಕೊರಿಯರ್ ಮಾಡಿ ಅಂತ ಒಂದು ಇಮೇಲು. ಹೆಂಡತಿಗೆ ಗೊತ್ತಿತ್ತು. ತಿಪಟೂರಿನಲ್ಲಿ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ "ಕೆಲಸ ಹೆಂಗಿದ್ಯಪ್ಪಾ" ಅಂತ ಕೇಳೋರು, "ಚೆನ್ನಾಗಿದೆ" ಅಂತಿದ್ದೆ. ಬೆಳಿಗ್ಗೆ ಮನೆಯಲ್ಲಿ ಕೂರೋಕೆ ಆಗ್ತಿರಲಿಲ್ಲ. ಬ್ಯಾಗು ಹಾಕ್ಕೊಂಡು ವಾಚನಾಲಯಕ್ಕೆ ಹೋಗಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರ ಜೊತೆ ಕೂರ್ತಿದ್ದೆ. ಆ ನಾಲ್ಕು ತಿಂಗಳ ನನ್ನ ಸಾಲುಗಳಲ್ಲಿ ಏನಿತ್ತು ಗೊತ್ತಾ? ಇಂಟರ್‌ವ್ಯೂ ತಯಾರಿಯ ಪುಸ್ತಕ, ಕಾರಂತರ ಕಾದಂಬರಿ, ನಿದ್ದೆ ಬರದೇ ಇರೋದರ ಬಗ್ಗೆ ಒಂದು, ಆತಂಕದ ಬಗ್ಗೆ ಎರಡು. ನಾನು ಯಾರಿಗೂ ಹೇಳದೇ ಇದ್ದದ್ದನ್ನೆಲ್ಲ ನಾನೇ ಕ್ರಮವಾಗಿ ಜೋಡಿಸಿ, ತಾರೀಖು ಹಾಕಿ, ಇಂಟರ್ನೆಟ್ಟಿಗೆ ಏರಿಸಿದ್ದೆ.

ಅಲ್ಲಿಂದಲೇ ಫೋನಿನಲ್ಲಿ ರೆಪೊ ಡಿಲೀಟ್ ಮಾಡೋಕೆ ಹೋದೆ. ಅದಕ್ಕೆ ಮುಂಚೆ ಟ್ರಾಫಿಕ್ ನೋಡಿದೆ. ಎರಡು ಕ್ಲೋನ್ ಆಗಿತ್ತು. ಒಂದು ನಂದು. ಇನ್ನೊಂದು ಯಾರದು ಅಂತ ಇವತ್ತಿಗೂ ಗೊತ್ತಿಲ್ಲ. ಬಾಟ್ ಇರಬಹುದು. ಇರಲಿ ಅಂತ ಆಸೆ ಪಡ್ತೀನಿ.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನದು ಬಿಡಿ, ಬೇರೆಯವರದು? ಕಾರ್ಡ್ ನಂಬರು ನಾಲ್ಕಂಕಿ. ನಾನು ಸಾಲ್ಟ್ ಹಾಕದೇ ಹ್ಯಾಶ್ ಮಾಡಿದ್ದೆ. ಸೊನ್ನೆಯಿಂದ 9999ರವರೆಗೆ ಎಲ್ಲಕ್ಕೂ ಹ್ಯಾಶ್ ತೆಗೆದು ಹೋಲಿಸಿದರೆ ನನ್ನ ಲ್ಯಾಪ್‌ಟಾಪಿಗೆ ಒಂದು ಸೆಕೆಂಡೂ ಬೇಡ, ಎಲ್ಲರ ಕಾರ್ಡ್ ನಂಬರೂ ವಾಪಸ್ ಸಿಗುತ್ತೆ. ಇದನ್ನ ಕಂಪನಿಯಲ್ಲಿ ಯಾವನಾದ್ರೂ ಜೂನಿಯರ್ ಮಾಡಿದ್ರೆ ಕೋಡ್ ರಿವ್ಯೂನಲ್ಲಿ ನಾನೇ ಬೈತಿದ್ದೆ. ಸಾಲ್ಟ್ ಹಾಕಿದ್ರೂ ಉಳಿಯೋದಲ್ಲ. 2006ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಸ್ಪರ್ಧೆಗೆ ಹೆಸರಿಲ್ಲದ ರೇಟಿಂಗ್‌ಗಳನ್ನ ಬಿಡುಗಡೆ ಮಾಡಿತ್ತು. ನಾರಾಯಣನ್ ಮತ್ತು ಶ್ಮಾಟಿಕೋವ್ ಅನ್ನೋ ಇಬ್ಬರು ಸಂಶೋಧಕರು, ಕೆಲವೇ ಸಿನಿಮಾ ಮತ್ತು ಸುಮಾರಾದ ತಾರೀಖು ಗೊತ್ತಿದ್ದರೆ ಅದರಲ್ಲಿ ಒಬ್ಬ ವ್ಯಕ್ತಿಯನ್ನ ಪತ್ತೆ ಮಾಡಬಹುದು ಅಂತ ತೋರಿಸಿದರು. ಇದು ಎಂಟೆಕ್‌ನಲ್ಲಿ ನಂಗೆ ಸೆಮಿನಾರ್ ಟಾಪಿಕ್ ಆಗಿತ್ತು! ಗೊತ್ತಿದ್ದದ್ದೇ. ಆದರೆ ಅದು ದೊಡ್ಡ ಕಂಪನಿಗಳ ವಿಷಯ, ನಮ್ಮ ಬೀದಿಯ ವಾಚನಾಲಯದ್ದಲ್ಲ ಅಂದುಕೊಂಡಿದ್ದೆ. ನಿಜಕ್ಕೂ ಸಣ್ಣ ಜಾಗದಲ್ಲೇ ಅಪಾಯ ಜಾಸ್ತಿ. ಸಣ್ಣ ಜಾಗದಲ್ಲಿ ಎಲ್ರಿಗೂ ಎಲ್ರ ಬಗ್ಗೆ ಸ್ವಲ್ಪ ಗೊತ್ತಿರುತ್ತೆ. ಆ ಸ್ವಲ್ಪ ಸಾಕು. ಮುಂಬೈಲೋ ಚೆನ್ನೈಲೋ ಹೈದರಾಬಾದಲ್ಲೋ ಕನ್ನಡ ಓದೋರು ನಾವು, ಯಾವ ಪಟ್ಟಿಯಲ್ಲೂ ಇಬ್ಬರೋ ಮೂವರೋ ಇರ್ತೀವಿ. ನಮ್ಮ ಭಾಷೆಯೇ ನಮ್ಮ ಗುರುತಾಗಿಬಿಡುತ್ತೆ.

ಸೋಮವಾರ ಮ್ಯಾಡಮ್‌ಗೆ ಹೋಗಿ ಹೇಳಿದೆ. ಅವರಿಗೆ ಸಿಟ್ಟು ಬಂತು, ಬರಬೇಕಾದ್ದೇ. "ಸರ್, ಈ ಡೇಟಾ ನಿಮ್ಮದಲ್ಲ. ನಮ್ಮದೂ ಅಲ್ಲ. ಓದುಗರದು" ಅಂದರು. ಆಡಳಿತ ಮಂಡಳಿಗೆ ಪತ್ರ ಬರೆದೆ. ನೋಟಿಸ್ ಬೋರ್ಡಿನಲ್ಲಿ ಓದುಗರಿಗೆ ವಿಷಯ ತಿಳಿಸಿದರು. ಒಬ್ಬ ವಯಸ್ಸಾದ ಹೆಂಗಸು ಬಂದು ಕೌಂಟರಿನಲ್ಲಿ, ನಾನು ಓದಿದ್ದೂ ಇತ್ತಾ ಅಂತ ಕೇಳಿದರಂತೆ. ಇತ್ತು ಅಂದಿದ್ದಕ್ಕೆ ಏನೂ ಹೇಳದೆ ಹೋದರು. ಅವರು ಆಮೇಲೆ ಬಂದಿಲ್ಲ. ಆ ಎರಡು ವರ್ಷ ಅವರು ಏನು ಓದಿದ್ದರೋ ನಾನು ನೋಡಲಿಲ್ಲ, ನೋಡೋದೂ ಇಲ್ಲ.

ರಾಜೀನಾಮೆ ಕೊಡ್ತೀನಿ ಅಂದೆ. ಸೋಲಾಪುರದ ಸರ್ ಅಂದರು, "ಹೋಗೂದು ಭಾಳ ಸುಲಭ ಆತು. ಕೂತು ನಿಯಮಾ ಬರಿ."

ಬರೆದೆವು. ಮೂರು ಮೀಟಿಂಗ್ ಹಿಡೀತು. ಒಂದೇ ಪುಟದ ನಿಯಮ. ಪ್ರಶ್ನೆಗೆ ಬೇಕಾದಷ್ಟೇ ತೆಗೀಬೇಕು. ವೇಳೆ ಬೇಕಿದ್ದರೆ ಬೆಳಿಗ್ಗೆ-ಸಂಜೆ ಅಂತ ಸಾಕು, ನಿಮಿಷ ಬೇಡ. ಐದು ಜನಕ್ಕಿಂತ ಕಮ್ಮಿ ಇರೋ ಯಾವ ಗುಂಪನ್ನೂ ಬೇರೆಯಾಗಿ ತೋರಿಸಬಾರದು. ಒಬ್ಬೊಬ್ಬರ ಸಾಲು ಲೈಬ್ರರಿಯಿಂದ ಹೊರಗೆ ಹೋಗಬಾರದು, ಕೂಡಿಸಿದ ಲೆಕ್ಕ ಮಾತ್ರ ಹೋಗಬೇಕು. ಹಂಚೋ ಮುಂಚೆ ಕಮಿಟಿಯ ಇಬ್ಬರು, ಅದರಲ್ಲಿ ಒಬ್ಬರು ಡೇಟಾ ಕೆಲಸದವರಲ್ಲದವರು, ನೋಡಿ ಒಪ್ಪಬೇಕು. ಇಲ್ಲಿ ನಂಗೆ ಆಶ್ಚರ್ಯ ಆಗಿದ್ದು, ಹಳೇ ಎರವಲಿನ ಲೆಕ್ಕದಿಂದ ಓದುಗರ ಗುರುತು ಅಳಿಸೋ ಸೌಲಭ್ಯ ಕೋಹಾದಲ್ಲೇ ಇದೆ. ಅದನ್ನ ಬರೆದವರು ಲೈಬ್ರರಿಯವರ ಜೊತೆ ಕೆಲಸ ಮಾಡಿದ್ದವರು, ಅವರಿಗೆ ಇದು ಹೊಳೆದಿತ್ತು. ನಾನು ಮೆನು ತೆಗೆದು ನೋಡಿರಲಿಲ್ಲ ಅಷ್ಟೇ.

2023ರಲ್ಲಿ ನಮ್ಮ ದೇಶಕ್ಕೂ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಸಂಶೋಧನೆಗೆ ಒಂದಿಷ್ಟು ವಿನಾಯಿತಿ ಇದೆ. ಆದರೆ ಲೈಬ್ರೇರಿಯನ್‌ಗಳು ಈ ವಿಷಯವನ್ನ ಕಾನೂನು ಬರೋದಕ್ಕೆ ಎಷ್ಟೋ ಮುಂಚೆ ಯೋಚನೆ ಮಾಡಿದ್ದಾರೆ. ಅಮೆರಿಕದ ಗ್ರಂಥಾಲಯ ಸಂಘದ 1939ರ ನೀತಿ ಸಂಹಿತೆಯಲ್ಲೇ ಓದುಗರ ಖಾಸಗಿ ವಿಷಯ ಗುಟ್ಟಾಗಿ ಇಡೋದು ಲೈಬ್ರೇರಿಯನ್‌ನ ಕರ್ತವ್ಯ ಅಂತ ಇದೆ. ಆಗ ಲೈಬ್ರರಿಗಳಲ್ಲಿ ಕಂಪ್ಯೂಟರೇ ಇರಲಿಲ್ಲ. ನಾವು ಡೇಟಾದವರು ಈ ಪಾಠ ಕಲಿಯೋಕೆ ಶುರು ಮಾಡಿದ್ದು ನಿನ್ನೆ ಮೊನ್ನೆ.

ಮ್ಯಾಡಮ್ ಪ್ರಶ್ನೆ ಏನಾಯ್ತು ಅಂತೀರಾ? ಹೊಸ ನಿಯಮದ ಪ್ರಕಾರ ಮತ್ತೆ ಲೆಕ್ಕ ಮಾಡಿದೆವು. ಅದೇ ಉತ್ತರ ಬಂತು! ಅಂದ್ರೆ ನಾನು ತೆಗೆದಿದ್ದ ನಿಮಿಷ, ತಾರೀಖು, ಒಬ್ಬೊಬ್ಬರ ಸಾಲು, ಯಾವುದೂ ಬೇಕೇ ಇರಲಿಲ್ಲ. ಈಗ ವಾರದಲ್ಲಿ ಎರಡು ದಿನ ವಾಚನಾಲಯ ಮಧ್ಯಾಹ್ನವೂ ತೆಗೆದಿರುತ್ತೆ. ಪುಣೆಯಲ್ಲಿ ಇದು ಸಣ್ಣ ಕ್ರಾಂತಿ.

ಇನ್ನೊಂದು ವಿಷಯ. ಆ ನಾಲ್ಕು ತಿಂಗಳು ಪುಸ್ತಕಗಳಿಗೆ ಸೀಲು ಹೊಡೆದು ಕೊಟ್ಟೋರು ಮ್ಯಾಡಮ್ಮೇ. ವಾರದ ದಿನ ಹನ್ನೊಂದು ಗಂಟೆಗೆ ಒಬ್ಬ ಸಾಫ್ಟ್‌ವೇರಿನವನು ನಿದ್ದೆ ಬರದ ಪುಸ್ತಕ ತಗೊಂಡು ಹೋಗ್ತಾನೆ ಅಂದ್ರೆ ಅವರಿಗೆ ತಿಳಿದಿರಲಿಲ್ವಾ? ತಿಳಿದಿತ್ತು. ಒಂದಿನಾನೂ ಕೇಳಲಿಲ್ಲ. ಬದಲಿಗೆ, ಸರ್ ಈ ಕನ್ನಡದ್ದು ಸರಿ ಮಾಡ್ತೀರಾ ಅಂತ ಕೆಲಸ ಕೊಟ್ಟರು. ಅದನ್ನ ನಾನು ಈಗ ಯೋಚನೆ ಮಾಡ್ತೀನಿ.

ಕೊನೇದಾಗಿ, ನಿಮ್ಮಲ್ಲಿ ಯಾರಿಗಾದ್ರೂ ಇಂಥ ಕಡೆ ವಾಲಂಟಿಯರ್ ಆಗೋ ಮನಸ್ಸಿದ್ರೆ ಮೂರೇ ಮಾತು. ನೀವಿರೋ ಊರಿನ ಲೈಬ್ರರಿಗೆ ಮೊದಲು ಸದಸ್ಯರಾಗಿ, ಓದಿ, ಆಮೇಲೆ ಸಹಾಯದ ಮಾತು. ತಿಂಗಳಿಗೆ ಎಷ್ಟು ಗಂಟೆ ಕೊಡ್ತೀರ ಅಂತ ಮೊದಲೇ ಹೇಳಿ, ಹೇಳಿದಷ್ಟು ಕೊಡಿ. ನಂದು ತಿಂಗಳಿಗೆ ಆರು ಗಂಟೆ, ರಿಲೀಸ್ ಇದ್ದಾಗ ನಾಲ್ಕು. ಮತ್ತೆ, ಉತ್ತರ ಹಿಡ್ಕೊಂಡು ಹೋಗಬೇಡಿ. ಪ್ರಶ್ನೆ ಅವರ ಹತ್ರ ಇರುತ್ತೆ. ಕನ್ನಡದ ಕಪಾಟು ಇದ್ದರೆ ಹುಡುಕಿ ನೋಡಿ, 'ಚೋಮನ ದುಡಿ' ಸಿಗುತ್ತಾ ಅಂತ. ಸಿಗದಿದ್ರೆ ನಿಮಗೆ ಕೆಲಸ ಸಿಕ್ತು.

ಅಪ್ಪ ಅಮ್ಮ ಈ ಚಾನೆಲ್ ನೋಡ್ತಾರೆ. ಹಾಗಾಗಿ ಹೋದ ಭಾನುವಾರ ಫೋನ್ ಮಾಡಿ ಆ ನಾಲ್ಕು ತಿಂಗಳ ವಿಷಯ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಧ್ಯಾಹ್ನ ಊಟಕ್ಕೆ ಏನ್ ಮಾಡ್ತಿದ್ದೆ ಅಲ್ಲಿ?" ಅಂತ ಕೇಳಿದರು. ಡಬ್ಬಿ ತಗೊಂಡು ಹೋಗ್ತಿದ್ದೆ ಅಂದೆ.

ಇಷ್ಟೇ. ಪ್ರಶ್ನೆ ಇದ್ರೆ ಕೇಳಿ.